ಎಡಗಣ್ಣಿಗೆ ತಡವಾಗಿ ಬಂದ ಬೆಳಕು

ಈ ಸಲ ಜೂನ್‌ನಲ್ಲಿ ಕಾಲೇಜು ಶುರುವಾದ ವಾರ ನಮ್ಮ ವಿಭಾಗದ ಕತ್ತಲೆ ಕೋಣೆಯ ಬೀಗ ತೆಗೆದೆ. ಬೆಳಕಿನ ಪ್ರಯೋಗಗಳನ್ನು ಮಾಡಿಸುವ ಕೋಣೆ ಅದು. ರಜೆಯುದ್ದಕ್ಕೂ ಮುಚ್ಚಿದ್ದ ಕರಿ ಪರದೆಗಳು ಮೊದಲ ಮಳೆಯ ತೇವ ಕುಡಿದು ಮುಗ್ಗಲು ಹಿಡಿದಿದ್ದವು. ಸೋಡಿಯಂ ದೀಪ ಹಚ್ಚಿದೆ. ಅದು ಮೊದಲು ನಸುಗೆಂಪಗೆ ಮಿನುಗಿ, ನಿಧಾನಕ್ಕೆ ಹಳದಿಗೆ ತಿರುಗಿ ಬಿಸಿಯಾದಂತೆ ಅದರ ಮೇಲಿನ ಧೂಳು ಸುಟ್ಟ ವಾಸನೆ ಪರದೆಯ ಮುಗ್ಗಲು ವಾಸನೆಯೊಂದಿಗೆ ಬೆರೆಯಿತು. ದೀಪ ಆರಿಸಿ ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತುಬಿಟ್ಟೆ.

ಕೆಲವು ವರ್ಷಗಳ ಹಿಂದಿನ ಒಂದು ಮಳೆಗಾಲದಲ್ಲಿ ಇದೇ ವಾಸನೆಯನ್ನು ಸೀರೆಯ ತುಂಬ ಹೊತ್ತುಕೊಂಡು ದಿನಾ ಸಂಜೆ ಮನೆಗೆ ಹೋಗುತ್ತಿದ್ದೆ. ಸಪ್ತಾಪುರದ ಕಡೆ ನಮ್ಮ ಮನೆ. ಸುತ್ತ ಕೋಚಿಂಗ್ ಕ್ಲಾಸುಗಳು, ಬೆನ್ನಿಗೆ ಚೀಲ ಹಾಕಿಕೊಂಡ ಹುಡುಗ ಹುಡುಗಿಯರ ಹಿಂಡು. ಪಡಸಾಲೆಯ ಕುರ್ಚಿಯಲ್ಲಿ ಕುಳಿತ ಮಾವನವರು ಮೂಗು ಏರಿಸಿ, “ಬಂದ್ರ ನೋಡ್ರಿ ಬೆಳಕಿನ ಮೇಡಂನವರು. ಮೈ ಎಲ್ಲಾ ಕತ್ತಲಿ ವಾಸನಿ ಹೊಡ್ಯಾಕತ್ತೈತಿ!” ಎನ್ನುತ್ತಿದ್ದರು. ನಾನು ಚೀಲ ಇಳಿಸುವ ಮೊದಲೇ ಆ ದಿನದ ಪ್ರಶ್ನೆ ತಯಾರಿರುತ್ತಿತ್ತು.

ಆ ವರ್ಷ ಮಾವನವರ ಎಡಗಣ್ಣು ಹೋಯಿತು. ಅದು ಹೋಗುತ್ತಿದ್ದಷ್ಟು ಕಾಲವೂ ನಾನು ಅವರೆದುರಿಗೇ ಕುಳಿತು ಬೆಳಕಿನ ಬಗ್ಗೆ ವಾದ ಮಾಡುತ್ತಿದ್ದೆ. ಆ ವಾದಗಳಲ್ಲಿ ನಾನು ಹೇಳಿದ್ದು ಒಂದೂ ಸುಳ್ಳಲ್ಲ. ಇವತ್ತು ಪರೀಕ್ಷೆಯಲ್ಲಿ ಬರೆದರೂ ಪೂರ್ತಿ ಅಂಕ ಸಿಗುತ್ತದೆ. ಮನೆಯವರು ಯಾರೂ ನನ್ನನ್ನು ಒಂದು ಮಾತು ಅಂದಿಲ್ಲ, ಡಾಕ್ಟರೂ ಅಂದಿಲ್ಲ. ಸರಿಯಾದ ಉತ್ತರ ಕೊಟ್ಟವಳಿಗೆ ಇಷ್ಟು ಸಂಕಟವಾಗುತ್ತದೆ ಅಂತ ನನಗೆ ಮಾತ್ರ ಗೊತ್ತು.

ಮಾವನವರು ಅಮ್ಮಿನಬಾವಿಯ ಸಾಲೆಯಲ್ಲಿ ವಿಜ್ಞಾನದ ಮಾಸ್ತರರಾಗಿ ನಿವೃತ್ತರಾದವರು. ಬೆಳಿಗ್ಗೆ ವಿಭೂತಿ ಹಚ್ಚಿ, ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ರೆಪ್ಪೆ ಬಡಿಯದೆ ನೋಡುತ್ತ ಕೂಡುವುದು ಅವರ ಪೂಜೆ. ಅದು ಮುಗಿದ ಮೇಲೆ ಪೇಪರು. ಪೇಪರು ಮುಗಿದ ಮೇಲೆ ಜಗತ್ತಿನಲ್ಲಿ ಯಾರು ಯಾವ ತಪ್ಪು ಮಾಡಿದ್ದಾರೆ ಅಂತ ವಿಚಾರಣೆ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ನನಗೆ ಅವರ ಭಯವಿತ್ತು. ಆಮೇಲೆ ಗೊತ್ತಾಯಿತು, ಅವರಿಗೆ ಬೇಕಾಗಿದ್ದು ತಲೆ ಮೇಲೆ ಸೆರಗು ಹೊದೆಯುವ ಸೊಸೆಯಲ್ಲ, ಎದುರು ವಾದಿಸುವ ಒಂದು ಬಾಯಿ. ಬಾಯಿ ನನಗೆ ದೇವರು ಧಾರಾಳವಾಗಿ ಕೊಟ್ಟಿದ್ದಾನೆ.

ಆ ಜೂನ್‌ನಲ್ಲಿ ಅವರಿಗೆ ಯಾರೋ ಹಳೆಯ ಶಿಷ್ಯ ಮೊಬೈಲಿನಲ್ಲಿ ಒಂದು ಲೇಖನ ಕಳಿಸಿದ್ದ. ಬೆಳಕಿನ ವೇಗ ಮೊದಲು ಹೆಚ್ಚಿತ್ತು, ಕಾಲ ಕಳೆದಂತೆ ಕಡಿಮೆಯಾಗುತ್ತಿದೆ ಎಂದು ಅದರಲ್ಲಿ ಬರೆದಿತ್ತು. ಮಾವನವರು ಅದನ್ನು ನನ್ನ ಮುಂದೆ ಹಿಡಿದರು.

“ಇದಕ್ಕೇನಂತಿ? ಮೊದಲ ಅಳದಾಗ ಜಾಸ್ತಿ ಬಂತು, ಆಮ್ಯಾಲ ಅಳದಾಗ ಕಮ್ಮಿ ಬಂತು. ಅಂದ್ರ ಬೆಳಕಿಗೂ ವಯಸ್ಸಾಗಾಕತ್ತೈತಿ.”

“ವಯಸ್ಸಾಗಿದ್ದು ಬೆಳಕಿಗಲ್ರಿ ಮಾಮಾರ, ಅಳತಿಗೆ. ಮೊದಲಿನವ್ರ ಉಪಕರಣ ಒರಟು ಇದ್ವು. ಅಳತಿ ಸುಧಾರಿಸ್ತು, ಅಂಕಿ ಬದಲಾತು.”

“ಹಂಗಂತ ಪುಸ್ತಕದಾಗ ಬರದಾರ. ನೀ ನೋಡಿಯೇನು?”

ಒಳಗಿನಿಂದ ಅತ್ತೆಯವರು ಕೂಗಿದರು: “ಬೆಳಕು ಓಡಿದ್ರ ಓಡ್ಲಿ, ಬಿದ್ರ ಬೀಳ್ಲಿ! ಚಾ ಆರಿ ನೀರಾಗಾಕತ್ತೈತಿ, ಮೊದಲ ಅದನ್ನ ಕುಡೀರಿ.”

ಹೀಗೆ ಶುರುವಾದದ್ದು ಮಳೆಯ ಜೊತೆಗೇ ಬೆಳೆಯಿತು. ಧಾರವಾಡದ ಮಳೆ ಗೊತ್ತಲ್ಲ, ಬಂದಿತೋ ಇಲ್ಲವೋ ಅನ್ನುವ ಹಾಗೆ ಜಿಟಿಜಿಟಿ ಹಿಡಿದುಕೊಂಡರೆ ವಾರಗಟ್ಟಲೆ ಬಿಡುವುದಿಲ್ಲ. ಮಧ್ಯಾಹ್ನಕ್ಕೇ ಮನೆಯೊಳಗೆ ದೀಪ ಹಾಕಬೇಕು. ನನ್ನ ಗಂಡ ಹುಬ್ಬಳ್ಳಿಯ ಗೋಕುಲ ರಸ್ತೆಯ ಅಂಗಡಿ ಮುಚ್ಚಿ ಮನೆಗೆ ಬರುವ ಹೊತ್ತಿಗೆ ನಾನೂ ಮಾವನವರೂ ಗಿರ್ಮಿಟ್ ತಟ್ಟೆ ಖಾಲಿ ಮಾಡಿ, ಗುರುಗ್ರಹದ ಚಂದ್ರರಿಂದ ಹಿಡಿದು ತಿರುಗುವ ಹಲ್ಲುಚಕ್ರದ ತನಕ ಬೆಳಕನ್ನು ಅಳೆದ ಎಲ್ಲ ಉಪಾಯಗಳನ್ನೂ ಒಂದು ಸುತ್ತು ಹಾಕಿರುತ್ತಿದ್ದೆವು. ನಮ್ಮವರು ಒದ್ದೆ ಚಪ್ಪಲಿ ಬಿಡುತ್ತ, “ಇನ್ನೂ ಮುಗದಿಲ್ಲೇನ್ರಿ ನಿಮ್ಮ ಕೋರ್ಟು?” ಎಂದು ನಗುತ್ತಿದ್ದರು.

ನನಗೆ ಅದು ಖುಷಿ ಕೊಡುತ್ತಿತ್ತು, ಅದನ್ನು ಮುಚ್ಚಿಡುವುದೇಕೆ? ತರಗತಿಯಲ್ಲಿ ನನ್ನ ಮಾತಿಗೆ ಹುಡುಗರು ತಲೆ ಅಲ್ಲಾಡಿಸಿ ಬರೆದುಕೊಳ್ಳುತ್ತಾರೆ. ಇಲ್ಲಿ ಒಬ್ಬರು, ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಕುಳಿತಿದ್ದರು. ಆ ನಾಲ್ಕನೆಯ ಕಾಲನ್ನು ತೋರಿಸದೆ ನಾನು ಬಿಡುತ್ತಿರಲಿಲ್ಲ. ಎರಡು ಮಹಾಯುದ್ಧಗಳ ನಡುವೆ ಅಳೆದವರು ಸುಮಾರು ವರ್ಷ ಈಗಿನ ಅಂಕಿಗಿಂತ ಕಡಿಮೆಯನ್ನೇ ಕಂಡುಕೊಂಡರು, ಎರಡನೆಯ ಯುದ್ಧ ಮುಗಿದ ಮೇಲೆ ಹೊಸ ವಿಧಾನ ಬಂದು ಅಂಕಿ ಮತ್ತೆ ಮೇಲೇರಿತು ಎಂದು ವಿವರಿಸಿದೆ.

“ಅಷ್ಟೂ ಮಂದಿ ಒಂದ ತಪ್ಪು ಹೆಂಗ ಮಾಡ್ತಾರ?” ಎಂದರು.

“ಹಿಂದಿನವರ ಅಂಕಿಗೆ ದೂರ ಬಂದ್ರ ತಪ್ಪು ಎಲ್ಲೈತಿ ಅಂತ ಹುಡುಕ್ತಿದ್ರು. ಸಮೀಪ ಬಂದ್ರ ಹುಡುಕೋದು ಬಿಡ್ತಿದ್ರು. ಬೇಕಂತ ಮಾಡಿದ್ದಲ್ರಿ. ಎಲ್ಲಾರಿಗೂ ಎಷ್ಟು ಬರಬೇಕು ಅಂತ ಮೊದಲ ಗೊತ್ತಿರ್ತಿತ್ತು, ಅಷ್ಟ.”

ಮಾವನವರು ತೊಡೆ ತಟ್ಟಿ ನಕ್ಕರು. “ಹಂಗಾದ್ರ ನಮ್ಮ ಸಾಲಿ ಹುಡುಗರೂ ಅದ ಜಾತಿ! ನೀರು ಕುದಿಸಿ ಉಷ್ಣತೆ ಬರೀರಿ ಅಂದ್ರ ಎಲ್ಲಾರೂ ನೂರು ಅಂತ ಬರೀತಿದ್ರು. ಲೇ ಮಕ್ಕಳ್ರ್ಯಾ, ಧಾರವಾಡ ಎತ್ತರದಾಗೈತಿ, ಇಲ್ಲೆ ನೀರು ನೂರಕ್ಕ ಕುದಿಯಂಗಿಲ್ಲ, ಎರಡು ಡಿಗ್ರಿ ಕೆಳಗ ಕುದೀತೈತಿ, ಕಂಡಷ್ಟ ಬರೀರಿ ಅಂತ ಬಡದು ಹೇಳಿದ್ರೂ ನೂರ! ಪುಸ್ತಕದಾಗ ನೂರು ಐತೆಲ್ಲ.”

ಮರುದಿನ ನಾನು ದೊಡ್ಡ ಬಾಣ ಬಿಟ್ಟೆ. ಈಗ ಬೆಳಕಿನ ವೇಗವನ್ನು ಯಾರೂ ಅಳೆಯುವುದೇ ಇಲ್ಲ, ಅದನ್ನು ಒಂದು ಅಂಕಿಗೆ ಕಟ್ಟಿಹಾಕಿ ಅದರಿಂದಲೇ ಮೀಟರ್ ಎಷ್ಟುದ್ದ ಅಂತ ನಿರ್ಧರಿಸುತ್ತಾರೆ, ಹಾಗಾಗಿ ನಾಳೆ ಬೆಳಕು ನಿಧಾನವಾದರೂ ಅಂಕಿ ಬದಲಾಗುವುದಿಲ್ಲ, ಮೀಟರೇ ಗಿಡ್ಡವಾಗುತ್ತದೆ ಎಂದೆ. ಮಾವನವರು ಕೈಯಲ್ಲಿದ್ದ ಪೇಪರು ಮಡಚಿಟ್ಟರು.

“ಅಂದ್ರ ಮನಿ ಯಜಮಾನ ಇದ್ದಂಗ. ಅಂವ ತಪ್ಪಿದ್ರೂ ತಪ್ಪು ಉಳದವರದ.”

“ಯಾರ ಮಾತು ಹೇಳಾಕತ್ತೀರಿ? ನಿಮ್ಮದ ಹೌದಲ್ಲೋ?” ಎಂದರು ಅತ್ತೆ. ಎಲ್ಲರೂ ನಕ್ಕೆವು. ಆ ನಗುವಿನ ನಡುವೆಯೇ ಮಾವನವರು ಬಗ್ಗಿ ಕಪ್ಪಿನಿಂದ ಬಸಿಗೆ ಚಹಾ ಹೊಯ್ದರು. ಚಹಾ ಬಸಿಯ ಪಕ್ಕಕ್ಕೆ, ಧೋತರದ ಮೇಲೆ ಬಿತ್ತು.

“ಕಣ್ಣ ಎಲ್ಲಿಟ್ಟೀರಿ?” ಎಂದು ಅತ್ತೆ ಬೈದರು. ಈ ಮಾತನ್ನು ಮನೆಯಲ್ಲಿ ದಿನಕ್ಕೆ ಹತ್ತು ಸಲ ಯಾರಿಗಾದರೂ ಅನ್ನುತ್ತೇವೆ. ಆ ದಿನವೂ ಅದು ಬೈಗುಳವಾಗಿಯೇ ಹೋಯಿತು.

ಈಗ ಹಿಂತಿರುಗಿ ನೋಡಿದರೆ ಎಲ್ಲವೂ ಸಾಲಾಗಿ ಕಾಣುತ್ತವೆ. ಮಳೆಯಲ್ಲಿ ಯಾಕೆ ಅಂತ ಅವರು ಸ್ಕೂಟರ್ ಹೊಡೆಯುವುದನ್ನೇ ನಿಲ್ಲಿಸಿದ್ದು. ಬಾಗಿಲು ದಾಟುವಾಗ ಎಡ ಭುಜ ಚೌಕಟ್ಟಿಗೆ ತಾಗುತ್ತಿದ್ದದ್ದು. ಪೇಪರನ್ನು ಬಲಕ್ಕೆ ಓರೆ ಮಾಡಿ ಹಿಡಿಯುತ್ತಿದ್ದದ್ದು. ಒಂದು ಬೆಳಿಗ್ಗೆ ಪೂಜೆ ಮುಗಿಸಿ ಬಂದು, “ಲಿಂಗದ ಮ್ಯಾಲ ದೀಪದ ಹೊಳಪು ಮೊದಲಿನಂಗ ಇಲ್ಲ” ಎಂದಿದ್ದರು. “ಮೋಡ ಮುಚ್ಚೇತ್ರಿ ಮಾಮಾರ, ಮನಿ ಎಲ್ಲಾ ಕತ್ತಲಿ” ಎಂದೆ. ಖರೇ ಹೇಳಬೇಕೆಂದರೆ ಆ ದಿನ ಮೋಡವೂ ಮುಚ್ಚಿತ್ತು.

ಆಷಾಢದ ಒಂದು ಸಂಜೆ ಅವರು ಕೇಳಿದ ಪ್ರಶ್ನೆಯೊಂದಿದೆ. ಅದನ್ನು ನೆನೆದರೆ ಈಗಲೂ ನನಗೆ ಊಟ ಸೇರುವುದಿಲ್ಲ. ಯಾವಾಗಿನ ಹಾಗೆ ಜೋರಾಗಿ ಕೇಳಲಿಲ್ಲ, ತಮಾಷೆಯ ದನಿಯಲ್ಲಿ, ಬಾಗಿಲ ಕಡೆ ನೋಡುತ್ತ ಕೇಳಿದರು.

“ಅಲ್ಲಾ, ಒಂದೊಂದು ಕಣ್ಣಿಗೆ ಒಂದೊಂದು ವೇಗದಾಗ ಬೆಳಕು ಬರಬಹುದೇನು? ಬಲಗಣ್ಣಿಗೆ ಲಗೂ, ಎಡಗಣ್ಣಿಗೆ ತಡಾ?”

ನನಗೆ ಇಂಥ ಅವಕಾಶ ಮತ್ತೆ ಸಿಗುತ್ತದೆಯೇ! ಆಧುನಿಕ ಭೌತಶಾಸ್ತ್ರದ ಬುನಾದಿಯೇ ಆ ವಾಕ್ಯ. ಕೈ ಎತ್ತಿ, ತರಗತಿಯಲ್ಲಿ ಹೇಳುವ ಹಾಗೆ ಹೇಳಿದೆ: “ಬೆಳಕಿನ ವೇಗ ನೋಡುವವರ ಮೇಲೆ ಅವಲಂಬಿಸಿಲ್ಲ, ಮಾಮಾರ.”

“ಇಲ್ಲೇನು?”

“ಇಲ್ಲ. ಯಾರು ನೋಡಿದ್ರೂ ಒಂದ.”

“ಛಲೋ ಆತು ಬಿಡು” ಎಂದರು ಅವರು.

ಶ್ರಾವಣ ಬಂತು, ಪಂಚಮಿ ಬಂತು. ನಮ್ಮ ಕಡೆ ಪಂಚಮಿಯೆಂದರೆ ಹೆಣ್ಣುಮಕ್ಕಳ ಹಬ್ಬ. ಮದುವೆಯಾಗಿ ಹೋದವರು ತವರಿಗೆ ಬರುತ್ತಾರೆ, ಶೇಂಗಾ ಉಂಡಿ ತಿನ್ನುತ್ತಾರೆ, ಮರಕ್ಕೆ ಜೋಕಾಲಿ ಕಟ್ಟಿ ಜೀಕುತ್ತಾರೆ. ಪಕ್ಕದ ಮನೆಯ ಮಗಳು ಮದುವೆಯಾದ ಮೇಲಿನ ಮೊದಲ ಪಂಚಮಿಗೆ ಬಂದಿದ್ದಳು. ಅವರ ಅಂಗಳದ ಬೇವಿನ ಮರಕ್ಕೆ ಹಗ್ಗ ಹಾಕಿ ಮಣೆ ಕಟ್ಟಿದ್ದರು. ಆ ದಿನ ಮಳೆಯೂ ಬಿಡುವು ಕೊಟ್ಟಿತ್ತು. ಹುಡುಗಿ ಮಣೆಯ ಮೇಲೆ ನಿಂತು ಜೀಕುತ್ತಿದ್ದಳು, ನಾವೆಲ್ಲ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ನೋಡುತ್ತಿದ್ದೆವು. ನಮ್ಮೆದುರಿಗೆ, ಜೋಕಾಲಿಯ ಆಚೆ ಬದಿಗೆ, ಕಂಪೌಂಡು ಗೋಡೆ ಸಾಕಷ್ಟು ದೂರದಲ್ಲಿತ್ತು.

ಮಾವನವರು ಕುರ್ಚಿಯ ತುದಿಗೆ ಸರಿದು ಕುಳಿತರು. “ಸಾವಕಾಶ!” ಎಂದರು ಒಮ್ಮೆ. ಯಾರೂ ಗಮನ ಕೊಡಲಿಲ್ಲ. ಹುಡುಗಿ ಇನ್ನೂ ಜೋರಾಗಿ ಜೀಕಿದಳು. “ಏ, ಗ್ವಾಡಿಗೆ ಬಡೀತೈತಿ!” ಎಂದು ಕೂಗುತ್ತ ಎದ್ದವರೇ ಹೋಗಿ ಹಗ್ಗಕ್ಕೆ ಕೈ ಹಾಕಿಬಿಟ್ಟರು. ಮಣೆಯ ಅಂಚು ಅವರ ಭುಜಕ್ಕೆ ಬಡಿಯಿತು. ಹುಡುಗಿ ಮಣ್ಣಿಗೆ ಬಿದ್ದಳು, ಮೊಣಕಾಲು ತರಚಿತು, ಹೊಸ ಸೀರೆಗೆ ಕೆಸರಾಯಿತು.

ಹುಡುಗಿಯ ತಾಯಿಗೆ ಸಿಟ್ಟು ಬಂತು. “ಏನ್ರಿ ಮಾಸ್ತರ, ವಯಸ್ಸಾದವರು ಹಿಂಗ ಮಾಡಿದ್ರ ಹೆಂಗ್ರಿ? ಗ್ವಾಡಿ ಎಲ್ಲೈತಿ, ಜೋಕಾಲಿ ಎಲ್ಲೈತಿ!”

“ಅದು ನೆಟ್ಟಗ ಹೋಗ್ತಿದ್ದಿಲ್ಲ, ಯವ್ವಾ” ಎಂದರು ಮಾವನವರು. “ಹೋಗೂಮುಂದ ಗ್ವಾಡಿ ಕಡೆ ಸರೀತಿತ್ತು, ಬರೂಮುಂದ ನನ್ನ ಕಡೆ. ಗಾಣದ ಎತ್ತಿನಂಗ ಸುತ್ತಾಕತ್ತಿತ್ತು.”

ಯಾರೋ ಕಿಸಕ್ಕನೆ ನಕ್ಕರು. ಅತ್ತೆ ಅವರ ಕೈ ಹಿಡಿದು ಮನೆಗೆ ಕರೆದುಕೊಂಡು ಬಂದರು. ಮೂವತ್ತು ವರ್ಷ ಸಾಲೆ ಕಲಿಸಿದ ಮನುಷ್ಯ ನೆರೆಮನೆಯವರ ಮುಂದೆ ತಲೆ ತಗ್ಗಿಸಿ ನಡೆದದ್ದನ್ನು ನಾನು ಮೊದಲ ಸಲ ನೋಡಿದೆ.

ಅವರನ್ನು ಸಮಾಧಾನ ಮಾಡಬೇಕು ಎಂದುಕೊಂಡೆ. ಭೌತಶಾಸ್ತ್ರ ಕಲಿಸುವವಳಿಗೆ ಸಮಾಧಾನವೆಂದರೆ ಪ್ರಯೋಗ. ಬೇರೆ ಯಾರೇ ಆಗಿದ್ದರೂ ಮನುಷ್ಯನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ಯುತ್ತಿದ್ದರು. ನಾನು ಪಡಸಾಲೆಯ ಕೊಕ್ಕೆಗೆ ದಾರ ಕಟ್ಟಿ, ದಾರಕ್ಕೆ ಒಂದು ಕೀಲಿ ತೂಗಿಬಿಟ್ಟೆ. ಮೇಲಿನ ದೀಪದ ಬೆಳಕಿಗೆ ಕೀಲಿಯ ನೆರಳು ನೆಲದ ಮೇಲೆ ಬೀಳುತ್ತಿತ್ತು. ನೆರಳು ಓಡಾಡುವ ದಾರಿಗೆ ಸೀಮೆಸುಣ್ಣದಿಂದ ಗೆರೆ ಎಳೆದೆ.

“ನೋಡ್ರಿ. ಏನ ಕಾಣಸ್ತೈತಿ?”

“ಕೀಲಿ ಸುತ್ತಾಕತ್ತೈತಿ.”

“ನೆರಳು?”

ಅವರು ಬಗ್ಗಿ ಬಹಳ ಹೊತ್ತು ನೋಡಿದರು. “ನೆರಳು ಗೆರಿ ಬಿಟ್ಟು ಹೋಗವಲ್ದು.”

“ಕಣ್ಣು ನಂಬ್ತೀರೋ, ನೆರಳು ನಂಬ್ತೀರೋ?”

ಮಾಸ್ತರಿಕೆ ಮಾಡಿದವರು. ಇದಕ್ಕೆ ಒಂದೇ ಉತ್ತರವೆಂದು ಅವರಿಗೂ ಗೊತ್ತಿತ್ತು. “ನೆರಳ ನಂಬಬೇಕು. ನಂದ ತಪ್ಪು” ಎಂದರು. ನಾನು ಕೀಲಿ ಬಿಚ್ಚಿ ಒಳಗಿಟ್ಟೆ. ಗೆರೆ ಒರೆಸಿದೆ. ಮನಸ್ಸಿನೊಳಗೆ ಗೆದ್ದೆ ಅಂತಲೂ ಇತ್ತು, ಪಾಪ ಮುದುಕರು ಅಂತಲೂ ಇತ್ತು. ಹಾಗಾದರೆ ಕಣ್ಣಿಗೆ ಏನಾಗಿದೆ ಅನ್ನುವ ಮುಂದಿನ ಪ್ರಶ್ನೆ ಮಾತ್ರ ಬರಲಿಲ್ಲ. ಪಿಯುಸಿ ಹುಡುಗಿ ಕೇಳುವಂಥ ಪ್ರಶ್ನೆ ಅದು.

ಅಂದಿನಿಂದ ಮಾವನವರು ಬೆಳಕಿನ ಸುದ್ದಿ ಎತ್ತಲಿಲ್ಲ. ನಾನು ಬಂದರೆ, “ಬಂದಿಯೇನವಾ? ಚಾ ಕುಡಿ” ಎನ್ನುತ್ತಿದ್ದರು, ಅಷ್ಟೇ. ನಾನೇ ಒಂದೆರಡು ಸಲ ಕೆಣಕಿದೆ. ಬಹಳ ದೂರದ, ಬಹಳ ಹಳೆಯ ನಕ್ಷತ್ರಗಳಿಂದ ಬಂದ ಬೆಳಕನ್ನು ಪರೀಕ್ಷಿಸಿದ್ದಾರೆ, ಅದರಲ್ಲಿಯೂ ವೇಗ ಬದಲಾದದ್ದಕ್ಕೆ ಗಟ್ಟಿ ಗುರುತು ಸಿಕ್ಕಿಲ್ಲ ಎಂದೆ. “ನೀ ಹೇಳಿದ ಮ್ಯಾಲ ಸರಿನ ಇರ್ತೈತಿ” ಎಂದರು. ಆ ಮಾತು ನನಗೆ ರುಚಿಸಲಿಲ್ಲ. ವಾದದಲ್ಲಿ ಸೋತು ಮುನಿಸಿಕೊಂಡಿದ್ದಾರೆ ಎಂದುಕೊಂಡೆ. ತಮಗೆ ಕಂಡದ್ದನ್ನೆಲ್ಲ ಮನೆಯಲ್ಲಿ ಹೇಳಿ ಮುಗಿದಿದೆ, ಹೇಳಿದ್ದಕ್ಕೆಲ್ಲ ಉತ್ತರ ಸಿಕ್ಕಿದೆ, ಇನ್ನು ಯಾರ ಮುಂದೆ ಹೇಳುವುದು ಎಂದು ಆ ಮನುಷ್ಯ ಒಳಗೊಳಗೇ ಕುಳಿತಿದ್ದರು.

ದೀಪಾವಳಿಯಲ್ಲಿ ಅದು ಹೊರಬಿತ್ತು. ಹಬ್ಬದ ಬೆಳಿಗ್ಗೆ ಎಣ್ಣೆ ಹಚ್ಚಿಕೊಂಡು ಅವರು ಬಚ್ಚಲಿಗೆ ಹೋಗಿದ್ದರು. ನಾನು ಪಕ್ಕದ ಅಡುಗೆಮನೆಯಲ್ಲಿ ಹೋಳಿಗೆಗೆ ಕಣಕ ನಾದುತ್ತಿದ್ದೆ. ಬಚ್ಚಲಿನಿಂದ ದನಿ ಬಂತು.

“ಕರೆಂಟ್ ಹೋತೇನು?”

“ಇಲ್ರಿ, ಐತಿ” ಎಂದೆ.

ನೀರಿನ ಸದ್ದು ನಿಂತಿತು. ಮತ್ತೆ ಕೇಳಿದರು, ಈ ಸಲ ಮೆಲ್ಲಗೆ: “ಬಚ್ಚಲದ ದೀಪ ಹತ್ತೈತೇನು, ಯವ್ವಾ?”

ಬಾಗಿಲ ಕೆಳಗಿನ ಸಂದಿಯಿಂದ ದೀಪದ ಬೆಳಕು ನನ್ನ ಕಾಲ ತನಕ ಬಿದ್ದಿತ್ತು. ಬಲಗಣ್ಣಿಗೆ ಸೀಗೆಪುಡಿ ಬಿದ್ದು ಅದನ್ನು ಅವರು ಮುಚ್ಚಿಕೊಂಡಿದ್ದರು. ಉಳಿದ ಒಂದು ಕಣ್ಣಿಗೆ ಉರಿಯುವ ದೀಪ ಕಾಣುತ್ತಿರಲಿಲ್ಲ. “ಹತ್ತೈತ್ರಿ” ಎಂದೆ ನಾನು. ನನ್ನ ಕೈ ಕಣಕದಲ್ಲೇ ನಿಂತಿತು. ಜೋಕಾಲಿ, ಕೀಲಿ, ಚಹಾ, ಎಡಗಣ್ಣಿಗೆ ತಡಾ ಎಂದ ಆ ಸಂಜೆ, ಎಲ್ಲ ಒಟ್ಟಿಗೇ ಬಂದು ಎದೆಗೆ ಗುದ್ದಿದವು. ಅಯ್ಯೋ ಶಿವನೇ, ಈ ಮನುಷ್ಯ ಐದು ತಿಂಗಳಿಂದ ಹೇಳುತ್ತ ಬಂದದ್ದು ಇದನ್ನೇ!

ಹಬ್ಬದ ಮರುದಿನ ಹುಬ್ಬಳ್ಳಿಯ ಕಣ್ಣಿನ ಡಾಕ್ಟರ ಹತ್ತಿರ ಹೋದೆವು. ಗ್ಲಾಕೋಮಾ ಎಂದರು. ಕಣ್ಣಿನೊಳಗಿನ ಒತ್ತಡ ಏರಿ ನರವನ್ನು ತಿಂದುಹಾಕುವ ರೋಗ, ನೋವಿಲ್ಲ, ಕೆಂಪಿಲ್ಲ. ಎಡಗಣ್ಣಿನದು ಹೋದದ್ದು ಹೋಯಿತು, ತಿರುಗಿ ಬರುವುದಿಲ್ಲ. ಬಲಗಣ್ಣಿಗೂ ಶುರುವಾಗಿದೆ, ಅದನ್ನು ಔಷಧ ಹಾಕಿ ಹಿಡಿದಿಡಬೇಕು.

“ಮೊದಲ ಏನೂ ಹೇಳಿದ್ದಿಲ್ಲೇನ್ರಿ ಅವರು?” ಎಂದು ಡಾಕ್ಟರ್ ಕೇಳಿದರು.

“ಹೇಳಿದ್ರು” ಎಂದೆ. “ಎಡಗಣ್ಣಿಗೆ ಬೆಳಕು ತಡಾಗಿ ಬರತೈತಿ ಅಂದ್ರು. ಜೋಕಾಲಿ ಸುತ್ತಾಕತ್ತೈತಿ ಅಂದ್ರು.”

ಡಾಕ್ಟರ್ ತಲೆ ಎತ್ತಿ ನೋಡಿದರು. “ಭಾಳ ಕರೆಕ್ಟ್ ಹೇಳ್ಯಾರಲ್ರಿ! ಒಂದು ಕಣ್ಣಿನ ನರ ಸೋತ್ರ ಅದರ ಸುದ್ದಿ ಮಿದುಳಿಗೆ ತಡಾಗಿ ಮುಟ್ಟತೈತಿ. ಎರಡೂ ಕಣ್ಣಿನ ಚಿತ್ರ ಹೊಂದಂಗಿಲ್ಲ. ನೆಟ್ಟಗ ತೂಗೋದು ಸುತ್ತಿದಂಗ ಕಾಣಸ್ತೈತಿ.” ನಾನೇನು ಕಲಿಸುತ್ತೇನೆ ಅಂತ ಅವರಿಗೆ ಗೊತ್ತಿರಲಿಲ್ಲ. ಗೊತ್ತಾಗಲೂ ಬಾರದಿತ್ತು, ಆದರೆ ನನ್ನ ಪಕ್ಕದಲ್ಲಿ ಕುಳಿತಿದ್ದ ಮಾವನವರು ಹೆಮ್ಮೆಯಿಂದ, “ನಮ್ಮ ಸೊಸಿ ಭೌತಶಾಸ್ತ್ರದ ಲೆಕ್ಚರರ್ ಅದಾಳ್ರಿ” ಎಂದುಬಿಟ್ಟರು.

ಆಮೇಲಿನ ಎರಡು ತಿಂಗಳು ನಾನು ಹೇಗಿದ್ದೆ ಎಂದು ನೆನೆದರೆ ನಾಚಿಕೆಯಾಗುತ್ತದೆ. ಹೊತ್ತಿಗೆ ಸರಿಯಾಗಿ ಔಷಧದ ಹನಿ ಹಾಕುತ್ತಿದ್ದೆ. ಅವರು ಏಳುವ ಮೊದಲೇ ಓಡಿಹೋಗಿ ಕೈ ಹಿಡಿಯುತ್ತಿದ್ದೆ. ಅವರು ಏನು ಅಂದರೂ ಹೂಂ ಎನ್ನುತ್ತಿದ್ದೆ. ಹನಿ ಹಾಕುವಾಗೆಲ್ಲ ನನ್ನ ಕಣ್ಣೂ ತುಂಬುತ್ತಿತ್ತು. “ನಂದ ತಪ್ಪಾತ್ರಿ ಮಾಮಾರ” ಎಂದು ಎಷ್ಟು ಸಲ ಹೇಳಿದೆನೋ. “ಏನ ತಪ್ಪು? ಬೆಳಕಿನ ವೇಗ ಬದಲಾಗಿಲ್ಲಂತ ಹೇಳಿದ್ದಿ. ಆಗಿಲ್ಲ” ಎನ್ನುತ್ತಿದ್ದರು. ಅದಕ್ಕೆ ನಾನು ಇನ್ನಷ್ಟು ಅಳುತ್ತಿದ್ದೆ. ಒಂದು ದಿನ ಅತ್ತೆ ನನ್ನನ್ನು ಒಳಗೆ ಕರೆದು, “ನೀ ಅತ್ತಷ್ಟೂ ಅವರ ಮ್ಯಾಲ ಭಾರ ಬೀಳ್ತೈತಿ. ಕಣ್ಣು ಹೋಗಿದ್ದು ಅವರದು, ಸಂತೈಸ್ಕೊಳ್ಳಾಕತ್ತಾಕಿ ನೀನು” ಎಂದರು. ಸಿಟ್ಟಿನಿಂದ ಅಂದದ್ದಲ್ಲ. ಆದರೂ ಆ ಮಾತು ನನಗೆ ಆಗ ಒಳಗೆ ಇಳಿಯಲಿಲ್ಲ.

ಸಂಕ್ರಾಂತಿಯ ಆಸುಪಾಸು ಬಲಗಣ್ಣಿನ ಪರೀಕ್ಷೆ ಇತ್ತು. ಅದು ಹೀಗೆ: ಕತ್ತಲೆ ಕೋಣೆಯಲ್ಲಿ, ದೊಡ್ಡ ಬಿಳಿ ಬಟ್ಟಲಿನಂಥ ಯಂತ್ರದೊಳಗೆ ಮುಖವಿಟ್ಟು ನಡುವಿನ ಚುಕ್ಕೆಯನ್ನೇ ನೋಡುತ್ತಿರಬೇಕು. ಸುತ್ತ ಎಲ್ಲಿಯಾದರೂ ಸಣ್ಣ ಬೆಳಕು ಮಿನುಗಿದರೆ ಕೈಯಲ್ಲಿರುವ ಗುಂಡಿ ಒತ್ತಬೇಕು. ಎಲ್ಲಿ ಒತ್ತಲಿಲ್ಲವೋ ಅಲ್ಲಿ ನೋಟ ಹೋಗಿದೆ ಅಂತ ಲೆಕ್ಕ. ನಾನು ಹೊರಗಿನ ಬೆಂಚಿನ ಮೇಲೆ ಕುಳಿತಿದ್ದೆ, ಬಾಗಿಲು ಸ್ವಲ್ಪ ತೆರೆದಿತ್ತು. ಟಕ್ ಟಕ್ ಎಂದು ಗುಂಡಿಯ ಸದ್ದು ನಿಲ್ಲದೆ ಕೇಳುತ್ತಿತ್ತು. ಒಂದೊಂದು ಸದ್ದಿಗೂ ಶಿವಾ ಶಿವಾ ಎಂದುಕೊಂಡೆ. ಬಲಗಣ್ಣು ಉಳಿಯಿತು ಎಂದುಕೊಂಡೆ.

ಡಾಕ್ಟರ್ ನನ್ನೊಬ್ಬಳನ್ನೇ ಕರೆದರು. “ಈ ಪರೀಕ್ಷೆ ಉಪಯೋಗಿಲ್ರಿ. ನಡುನಡುವ ಯಂತ್ರ ಬೆಳಕು ಬಿಡದನ ಸುಮ್ಮನ ಸಪ್ಪಳ ಮಾಡ್ತೈತಿ, ಖರೇ ಒತ್ತಾಕತ್ತಾರೋ ಇಲ್ಲೋ ಅಂತ ನೋಡಾಕ. ಆವಾಗನೂ ಒತ್ಯಾರ. ಇದನ್ನ ನಂಬಿ ನಾ ಔಷಧ ಇಷ್ಟ ಸಾಕು ಅಂದ್ರ ಬಲಗಣ್ಣೂ ಕೈಬಿಟ್ಟು ಹೋಗ್ತೈತಿ.”

ನೀರಿನ ಉಷ್ಣತೆಯನ್ನು ಸುಳ್ಳು ಬರೆದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದ ಮಾಸ್ತರರು ಹೊರಗೆ ಬೆಂಚಿನ ಮೇಲೆ ಕೋಲು ಹಿಡಿದು ಕುಳಿತಿದ್ದರು. ಹೋಗಿ ಪಕ್ಕದಲ್ಲಿ ಕುಳಿತೆ.

“ಕಾಣದಿದ್ದಾಗನೂ ಒತ್ತೀರಂತ. ಯಾಕ್ರಿ?”

ಅವರು ಕೋಲಿನ ಹಿಡಿಕೆ ಸವರಿದರು. “ಬಾಗಲಾ ತಗದಿತ್ತು. ನೀ ಹೊರಗ ಕುಂತು ಸಪ್ಪಳ ಕೇಳಾಕತ್ತೀದಿ ಅಂತ ನಂಗ ಗೊತ್ತಿತ್ತು. ಭಾಳ ಹೊತ್ತು ಸಪ್ಪಳ ಆಗಲಿಲ್ಲಂದ್ರ ನಿನ್ನ ಜೀವಕ್ಕ ಹೆಂಗಾದೀತು? ಮತ್ತ ಮನಿಗೆ ಹೋಗಿ ಅತ್ತೀದಿ. ಅದಕ್ಕ ನಡುನಡುವ ಒತ್ತಿದ್ನಿ.”

ನನಗೆ ಬಂದದ್ದು ಅಳುವಲ್ಲ, ಸಿಟ್ಟು. ಅವರ ಮೇಲೆ, ಅದಕ್ಕಿಂತ ಹೆಚ್ಚಾಗಿ ನನ್ನ ಮೇಲೆ. “ಬುದ್ಧಿ ಐತೇನ್ರಿ ನಿಮಗ?” ಎಂದು ಆಸ್ಪತ್ರೆಯ ಓಣಿಯಲ್ಲಿ ಕೂಗಿಬಿಟ್ಟೆ. ಪಕ್ಕದ ಬೆಂಚಿನವರು ತಿರುಗಿ ನೋಡಿದರು. “ಇದು ನನಗ ಅಂಕ ಕೊಡೋ ಪರೀಕ್ಷಾ ಅಲ್ಲ! ನಿಮ್ಮ ಕಣ್ಣು! ಇರೋದೊಂದ ಕಣ್ಣು! ನಾ ಅಳ್ತೇನಂತ ಅದನ್ನೂ ಕಳಕೋತೀರೇನು?”

ಮಾವನವರು ನಕ್ಕರು. ಪಂಚಮಿಯ ನಂತರ ಅವರು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. “ಈಗ ನೀ ನೀನಾದಿ ನೋಡು. ಎರಡು ತಿಂಗಳಾತು, ಮನ್ಯಾಗ ನನ್ನ ಕೂಡ ಯಾರೂ ಜಗಳಾ ತಗದಿಲ್ಲ. ಸತ್ತವರನ್ನ ನೋಡಿದಂಗ ನೋಡ್ತಿದ್ದಿ.”

“ಮತ್ತೊಮ್ಮೆ ಮಾಡಸ್ತೇನಿ. ಕಂಡಷ್ಟ ಒತ್ತಬೇಕು.”

“ಒತ್ತತೇನಿ. ನೀನೂ ಒಳಗ ಕುಂಡ್ರು. ಸಪ್ಪಳ ಬಂದಿಲ್ಲಂದ್ರ ಬಂದಿಲ್ಲ. ಅಳಬಾರದು. ಆತೇನು?”

“ಆತ್ರಿ.”

ಮುಂದಿನ ವಾರ ಮತ್ತೆ ಹೋದೆವು. ಯಂತ್ರ ನಡೆಸುವ ಹುಡುಗಿ ನನಗೂ ಒಳಗೊಂದು ಸ್ಟೂಲು ಕೊಟ್ಟಳು. ಬಾಗಿಲು ಮುಚ್ಚಿದಳು. ಮಾವನವರ ಎಡಗಣ್ಣಿಗೆ ಪಟ್ಟಿ ಕಟ್ಟಿ, ಗದ್ದವನ್ನು ಸರಿಯಾಗಿ ಇಡಿಸಿ, ಗುಂಡಿಯನ್ನು ಕೈಗೆ ಕೊಟ್ಟಳು. ದೀಪ ಆರಿತು. ಪಕ್ಕದಿಂದ ನನಗೆ ಆ ಬಟ್ಟಲಿನೊಳಗಿನ ಬೆಳಕು ಕಾಣುತ್ತಿರಲಿಲ್ಲ. ಯಂತ್ರ ಪ್ರತಿ ಸಲ ಹೊರಳುವ ಸಣ್ಣ ಸದ್ದು, ಅದರ ಹಿಂದೆ ಅವರ ಹೆಬ್ಬೆರಳಿನ ಟಕ್, ಎರಡು ಮಾತ್ರ ಕೇಳುತ್ತಿದ್ದವು.

ಮೊದಲು ಸದ್ದಿನ ಹಿಂದೆ ಸದ್ದು ಬಂತು. ಆಮೇಲೆ ಒಂದು ತಪ್ಪಿತು. ಮತ್ತೆ ಬಂತು. ಆಮೇಲೆ ಯಂತ್ರವೊಂದೇ ಹೊರಳುತ್ತ ಹೋಯಿತು. ಎಲ್ಲೋ ಒಂದು ಮೂಲೆಯಲ್ಲಿ ಬೆಳಕು ಬಂದು ಬಂದು ಹೋಗುತ್ತಿತ್ತು, ಅದು ಅವರನ್ನು ಮುಟ್ಟುತ್ತಿರಲಿಲ್ಲ. ಅವರ ಹೆಬ್ಬೆರಳು ಗುಂಡಿಯನ್ನು ಮುಟ್ಟಿ, ಒತ್ತದೆ ಹಿಂದೆ ಸರಿದದ್ದು ಕತ್ತಲೆಯಲ್ಲೂ ನನಗೆ ಕಂಡಿತು. ಒತ್ತಿಬಿಡ್ರಿ ಎಂದು ಕೂಗಬೇಕೆನಿಸಿತು ನನಗೆ, ದೇವರಾಣೆ. ತುಟಿ ಕಚ್ಚಿಕೊಂಡೆ.

“ಅದೀಯೇನ ಯವ್ವಾ?” ಎಂದರು ಮಾವನವರು, ಮುಖ ಕದಲಿಸದೆ.

“ಮಾತಾಡಬ್ಯಾಡ್ರಿ ಅಜ್ಜಾರ” ಎಂದಳು ಹುಡುಗಿ.

“ಇಲ್ಲೇ ಅದೀನ್ರಿ ಮಾಮಾರ” ಎಂದೆ. ದನಿ ಒಡೆಯದಂತೆ ಹೇಳಿದೆ.

ಯಂತ್ರ ಮತ್ತೆ ಹೊರಳಿತು. ಅವರು ಒತ್ತಲಿಲ್ಲ.